ಬಸ್ಸಿಗೆ ಅಂತಾನೇ ಒಂದು ದಾರಿ: ಊರಿಗೆ ಬಿಆರ್‌ಟಿ ಕಟ್ಟೋದು ಹೇಗೆ?

ಮೆಟ್ರೋ ಕಟ್ಟೋಕೆ ದುಡ್ಡಿಲ್ಲ, ದುಡ್ಡು ಬಂದ್ರೂ ರೈಲು ಓಡೋ ಹೊತ್ತಿಗೆ ಹತ್ತು ವರ್ಷ ಕಳೆದಿರತ್ತೆ, ಅಲ್ಲೀತನಕ ಜನ ಟ್ರಾಫಿಕ್‌ನಲ್ಲಿ ಕೂತಿರ್ಬೇಕಾ? ಬ್ರೆಜಿಲ್‌ನ ಕುರಿಟಿಬಾ ಊರಿಗೆ 1970ರ ದಶಕದಲ್ಲೇ ಈ ಪ್ರಶ್ನೆ ಬಂದಿತ್ತು. ಆಗ ಅಲ್ಲಿ ಮೇಯರ್ ಆಗಿದ್ದವರು ಜೈಮೆ ಲರ್ನರ್, ಆರ್ಕಿಟೆಕ್ಚರ್ ಓದಿದವರು. ರೈಲಿನ ಆಸೆ ಬಿಟ್ಟು ರಸ್ತೆ ಮಧ್ಯದಲ್ಲಿ ಬಸ್ಸಿಗೇ ಪ್ರತ್ಯೇಕ ದಾರಿ ಮಾಡಿದ್ರು, 1974ರಲ್ಲಿ ಬಸ್ ಓಡ್ತು. ಇದನ್ನೇ ಬಿಆರ್‌ಟಿ, ಅಂದ್ರೆ ಬಸ್ ರ‍್ಯಾಪಿಡ್ ಟ್ರಾನ್ಸಿಟ್ ಅನ್ನೋದು. ಆಮೇಲೆ ಕೊಲಂಬಿಯಾದ ಬೊಗೊಟಾ, ಇಂಡೊನೇಷ್ಯಾದ ಜಕಾರ್ತ, ಟರ್ಕಿಯ ಇಸ್ತಾಂಬುಲ್, ಆಫ್ರಿಕಾದ ಲಾಗೋಸ್, ನಮ್ಮ ಅಹಮದಾಬಾದ್, ಹುಬ್ಬಳ್ಳಿ-ಧಾರವಾಡ ಹೀಗೆ ಇವತ್ತು 180ಕ್ಕೂ ಹೆಚ್ಚು ಊರುಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿದೆ, ದಿನಕ್ಕೆ ಸುಮಾರು 3 ಕೋಟಿ ಜನ ಓಡಾಡ್ತಾರೆ.

ಆದ್ರೆ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡಿಲ್ಲ. ಕೆಲವು ಕಡೆ ಊರಿನ ಓಡಾಟವನ್ನೇ ಬದಲಾಯಿಸಿದೆ, ಡೆಲ್ಲಿಯಲ್ಲಿ ಕಟ್ಟಿದ್ದನ್ನ ಒಡೆದೇ ಹಾಕಿದ್ರು. ವ್ಯತ್ಯಾಸ ಬಂದಿದ್ದು ಬಸ್ಸಿನಿಂದ ಅಲ್ಲ, ಕಟ್ಟುವಾಗ ಎಲ್ಲಿ ರಾಜಿ ಮಾಡ್ಕೊಂಡ್ರು ಅನ್ನೋದರಿಂದ. ಅದಕ್ಕೇ ಮೊದಲಿಂದ ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ರಸ್ತೆ ಆರಿಸಿ

ಅಗಲ ಇದೆ, ಖಾಲಿ ಇದೆ, ಯಾರೂ ಗಲಾಟೆ ಮಾಡಲ್ಲ ಅಂತ ರಸ್ತೆ ಆರಿಸೋದು ಬೇಡ. ಈಗಾಗ್ಲೇ ಯಾವ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ತುಂಬ್ಕೊಂಡು ಹೋಗ್ತಿವೆಯೋ ಅದನ್ನೇ ಹಿಡೀರಿ. ಬೊಗೊಟಾದಲ್ಲಿ ಮೇಯರ್ ಎನ್ರಿಕೆ ಪೆನ್ಯಲೋಸಾ ಅಲ್ಲಿನ ಬಿಆರ್‌ಟಿ ಆದ ಟ್ರಾನ್ಸ್‌ಮಿಲೇನಿಯೊಗೆ ಮೊದಲು ಆರಿಸಿದ ರಸ್ತೆಗಳಲ್ಲಿ ಕರಾಕಸ್ ಅವೆನ್ಯೂ ಒಂದು. ಬಸ್ಸು, ಹೊಗೆ, ಹಾರನ್ನಿಂದ ಉಸಿರುಗಟ್ಟಿದ್ದ ರಸ್ತೆ ಅದು. 2000ದ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ಜನ ಮೊದಲೇ ಅಲ್ಲಿದ್ರು, ಹೊಸದಾಗಿ ಹುಡುಕೋ ಕೆಲಸವೇ ಇರ್ಲಿಲ್ಲ.

ಹೆಜ್ಜೆ 2: ಲೇನ್ ತಗೊಳ್ಳಿ, ತಗೊಂಡಿದ್ದನ್ನ ಬಿಟ್ಕೊಡ್ಬೇಡಿ

ನನ್ ಪ್ರಕಾರ ಇಡೀ ಯೋಜನೆಯ ಜೀವ ಇಲ್ಲೇ ಇರೋದು, ಉಳಿದಿದ್ದರಲ್ಲಿ ಅರ್ಧ ತಪ್ಪಾದ್ರೂ ಮುಂದೆ ಸರಿ ಮಾಡ್ಬಹುದು, ಇದು ತಪ್ಪಿದ್ರೆ ಮಿಕ್ಕಿದ್ದೆಲ್ಲ ಬರೀ ಬಣ್ಣದ ಬಸ್ಸು ಅಷ್ಟೇ.

ಲೇನ್ ರಸ್ತೆ ಮಧ್ಯದಲ್ಲೇ ಇರ್ಬೇಕು. ಅಂಚಲ್ಲಿ ಕೊಟ್ರೆ ಏನಾಗತ್ತೆ ಅಂತ ನಮಗೆಲ್ಲ ಗೊತ್ತು, ಆಟೋ ನಿಲ್ಲತ್ತೆ, ಅಂಗಡಿಗೆ ಲೋಡ್ ಇಳಿಸೋ ಗಾಡಿ ನಿಲ್ಲತ್ತೆ, ಗೇಟಿಂದ ಕಾರು ಹೊರಗೆ ಬರತ್ತೆ, ಎಡಕ್ಕೆ ತಿರುಗೋರೆಲ್ಲ ಅಲ್ಲೇ ನುಗ್ತಾರೆ. ಮಧ್ಯದಲ್ಲಿದ್ರೆ ಈ ಯಾವ ಕಾಟವೂ ಇಲ್ಲ. ಬರೀ ಬಿಳಿ ಗೆರೆ ಎಳೆದ್ರೂ ಸಾಲಲ್ಲ, ಎತ್ತರದ ಕರ್ಬ್ ಅಥವಾ ಗ್ರಿಲ್ ಬೇಕು.

ಇಲ್ಲಿ ದೊಡ್ಡ ಜಗಳ ಬರತ್ತೆ, ಬಂದೇ ಬರತ್ತೆ. ಇರೋ ರಸ್ತೆಯಲ್ಲಿ ಎರಡು ಲೇನ್ ಕಿತ್ಕೊಂಡು ಬಸ್ಸಿಗೆ ಕೊಟ್ರೆ ಕಾರಿನವರು ಎಲ್ಲಿ ಹೋಗ್ಬೇಕು ಅಂತ. ಅದಕ್ಕೆ ಗಾಡಿ ಎಣಿಸ್ಬೇಡಿ, ಜನರನ್ನ ಎಣಿಸಿ. ಊರೊಳಗೆ ಕಾರುಗಳೇ ತುಂಬಿದ ಒಂದು ಲೇನ್‌ನಲ್ಲಿ ಗಂಟೆಗೆ ಎರಡು ಸಾವಿರ ಜನ ದಾಟಿದ್ರೆ ಅದೇ ಹೆಚ್ಚು, ಅದೇ ಲೇನನ್ನ ಬಸ್ಸಿಗೆ ಕೊಟ್ಟು ಸ್ಟೇಷನ್ ಸರಿಯಾಗಿ ಕಟ್ಟಿದ್ರೆ ಹತ್ತು ಸಾವಿರ ಜನ ಆರಾಮಾಗಿ ಹೋಗ್ತಾರೆ. ಬೊಗೊಟಾದಲ್ಲಿ ಒಂದೊಂದು ದಿಕ್ಕಿಗೂ ಎರಡೆರಡು ಬಸ್ ಲೇನ್ ಇರೋ ಕಡೆ, ರಶ್ ಟೈಮ್‌ನಲ್ಲಿ ಗಂಟೆಗೆ ಒಂದೇ ದಿಕ್ಕಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಹೋಗಿರೋ ಲೆಕ್ಕ ಇದೆ, ಎಷ್ಟೋ ಮೆಟ್ರೋ ಲೈನುಗಳಿಗೂ ಅಷ್ಟು ಜನ ಇರಲ್ಲ.

ಇನ್ನೊಂದು ವಿಷಯ, ರಸ್ತೆ ಇಕ್ಕಟ್ಟಾಗೋ ಜಾಗದಲ್ಲೇ ಲೇನ್ ಮಾಯ ಆಗೋದು. ಪ್ಲಾನ್‌ನಲ್ಲಿ ಹೊರವಲಯದ ಅಗಲ ರಸ್ತೆಯಲ್ಲಿ ಚಂದ ಲೇನ್ ಇರತ್ತೆ, ಪೇಟೆ ಹತ್ರ ಬಂದ ಕೂಡ್ಲೇ ಬಸ್ಸು ಎಲ್ಲರ ಜೊತೆ ಸೇರ್ಕೊಳ್ಳತ್ತೆ. ಹುಬ್ಬಳ್ಳಿ-ಧಾರವಾಡದ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ನವಲೂರು, ಉಣಕಲ್ ಕಡೆ ಅಲ್ಲಿನ ಬಿಆರ್‌ಟಿ ಬಸ್ಸು ‘ಚಿಗರಿ’ (ಜಿಂಕೆ) ಹೆಸರಿಗೆ ತಕ್ಕ ಹಾಗೆ ಓಡತ್ತೆ, ಊರೊಳಗೆ ಲೇನ್ ಸಿಗದ ಕಡೆ ಅದೇ ಬಸ್ಸು ಟ್ರಾಫಿಕ್‌ನಲ್ಲಿ ನಿಲ್ಬೇಕು. ಬಸ್ಸಿಗೆ ಲೇನ್ ಹೆಚ್ಚು ಬೇಕಾಗಿರೋದು ಆ ಇಕ್ಕಟ್ಟಲ್ಲೇ.

ಲೇನ್ ಕಾಯೋದೂ ಒಂದು ಕೆಲಸ. ಜಕಾರ್ತದಲ್ಲಿ ಬೈಕು, ಕಾರು ಎಲ್ಲಾ ನುಗ್ಗೋಕೆ ಶುರು ಮಾಡಿದಾಗ 2013ರಲ್ಲಿ ದಂಡವನ್ನ 5 ಲಕ್ಷ ರುಪಿಯಾವರೆಗೂ (ರುಪಿಯಾ ಅಂದ್ರೆ ಇಂಡೊನೇಷ್ಯಾದ ಹಣ) ಏರಿಸಿದ್ರು.

ಹೆಜ್ಜೆ 3: ಸ್ಟಾಪ್ ಅಲ್ಲ, ಸ್ಟೇಷನ್

ಸಾಮಾನ್ಯ ಬಸ್ಸು ಲೇಟಾಗೋದು ಓಡುವಾಗ ಮಾತ್ರ ಅಲ್ಲ, ನಿಂತಾಗ್ಲೂ. ಮೂವತ್ತು ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ, ಡ್ರೈವರ್ ಹತ್ರ ಟಿಕೆಟ್ ತಗೊಂಡ್ರೆ, ಒಬ್ಬರಿಗೆ ಮೂರು ಸೆಕೆಂಡ್ ಹಿಡಿದ್ರೂ ಒಂದೂವರೆ ನಿಮಿಷ ಅಲ್ಲೇ ಹೋಯ್ತು. ಅದಕ್ಕೇ ಟಿಕೆಟ್ ಸ್ಟೇಷನ್ ಗೇಟಲ್ಲೇ ಆಗ್ಬೇಕು, ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಮಟ್ಟಕ್ಕೇ ಇರ್ಬೇಕು, ಎಲ್ಲಾ ಬಾಗಿಲಲ್ಲೂ ಒಟ್ಟಿಗೆ ಹತ್ತಿಳಿಬೇಕು. ಕುರಿಟಿಬಾ 1991ರಲ್ಲಿ ಗಾಜಿನ ಕೊಳವೆ ಥರದ ಸ್ಟೇಷನ್ ಮಾಡಿದ್ದು ಇದಕ್ಕೇ. ಮಂಡಿನೋವು ಇರೋ ಅಜ್ಜಿ, ಗಾಲಿಕುರ್ಚಿಯಲ್ಲಿ ಬರೋರು, ಮಗು ಎತ್ಕೊಂಡಿರೋ ತಾಯಿ, ಇವರಿಗೆ ಮೆಟ್ಟಿಲಿಲ್ಲದ ಬಸ್ಸು ಅಂದ್ರೆ ಯಾರ ಸಹಾಯನೂ ಕೇಳದೆ ಊರು ಸುತ್ತೋ ಸ್ವಾತಂತ್ರ್ಯ, ಇದನ್ನ ಖರ್ಚು ಉಳಿಸೋಕೆ ಅಂತ ಕೈಬಿಡೋದು ದೊಡ್ಡ ಅನ್ಯಾಯ.

ಮಧ್ಯದ ಸ್ಟೇಷನ್‌ಗೆ ಬಸ್ಸಿನ ಬಾಗಿಲು ಬಲಗಡೆ ಬೇಕಾಗತ್ತೆ, ಹುಬ್ಬಳ್ಳಿ, ಅಹಮದಾಬಾದ್ ಹಾಗೇ ಮಾಡಿವೆ. ಇಸ್ತಾಂಬುಲ್‌ನವರು ಬೇರೆ ದಾರಿ ಹುಡುಕಿದ್ರು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡೋದು, ಬಸ್ಸಿನ ಬಾಗಿಲೂ ಬಲಕ್ಕೇ ಇರೋದು, ಹೊಸ ಥರದ ಬಸ್ಸು ಮಾಡಿಸೋ ಬದಲು 2007ರಲ್ಲಿ ಶುರುವಾದ ಮೆಟ್ರೊಬಸ್ ಲೇನ್‌ನಲ್ಲಿ ಮಾತ್ರ ಬಸ್ಸುಗಳನ್ನ ಎಡಗಡೆ ಓಡಿಸಿದ್ರು, ಬಾಗಿಲು ತಾನಾಗೇ ಮಧ್ಯದ ಪ್ಲಾಟ್‌ಫಾರ್ಮ್ ಕಡೆ ಬಂತು. ಜಾಗ ಇದ್ರೆ ಸ್ಟೇಷನ್ ಹತ್ರ ಓವರ್‌ಟೇಕ್ ಲೇನ್ ಕೂಡ ಬಿಡಿ, ಎಕ್ಸ್‌ಪ್ರೆಸ್ ಬಸ್ಸು ನಿಂತಿರೋ ಬಸ್ಸನ್ನ ದಾಟ್ಕೊಂಡು ಹೋಗತ್ತೆ.

ಹೆಜ್ಜೆ 4: ಸರ್ಕಲ್

ಡೆಲ್ಲಿಯ ಕಥೆ ಇಲ್ಲಿ ಹೇಳ್ಲೇಬೇಕು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ದಾರಿ ಮಾಡಿದ್ರು. ಲೇನ್ ಮಧ್ಯದಲ್ಲೇ ಇತ್ತು, ಬಸ್ಸಿನವರಿಗೆ ಸಮಯನೂ ಉಳೀತು. ಆದ್ರೆ ನಿಲ್ದಾಣಗಳನ್ನ ಸಿಗ್ನಲ್ ಪಕ್ಕದಲ್ಲೇ ಇಟ್ರು, ಟಿಕೆಟ್ ಬಸ್ಸೊಳಗೇ, ಹತ್ತೋಕೆ ಮೆಟ್ಟಿಲು, ಯಾವ ಬಸ್ ಬೇಕಾದ್ರೂ ಲೇನಿಗೆ ಬರ್ಬಹುದಿತ್ತು. ಬಸ್ಸುಗಳು ಸಿಗ್ನಲ್ ಹತ್ರ ಸಾಲುಗಟ್ಟಿ ನಿಂತವು, ಸಿಗ್ನಲ್ ಸರದಿ ಉದ್ದ ಆಯ್ತು, ಪಕ್ಕದ ಕಾರಿನ ಸಾಲು ಇನ್ನೂ ಉದ್ದ ಆಯ್ತು. ಕೋರ್ಟಿಗೂ ಹೋಯ್ತು, 2012ರಲ್ಲಿ ಹೈಕೋರ್ಟ್ ಬಸ್ ಲೇನ್ ಪರವಾಗೇ ನಿಂತ್ರೂ 2016ರಲ್ಲಿ ಕಿತ್ತು ಹಾಕಿದ್ರು. ಅದನ್ನ ನೋಡಿ ಇಂಡಿಯಾದಲ್ಲಿ ಬಿಆರ್‌ಟಿ ಆಗಲ್ಲ ಅಂದವರು ತುಂಬಾ ಜನ, ನಾನು ಒಪ್ಪಲ್ಲ, ಅಲ್ಲಿ ಅರ್ಧ ಕೆಲಸ ಆಗಿತ್ತು ಅಷ್ಟೇ.

ಮಾಡ್ಬೇಕಾಗಿರೋದು ಕಷ್ಟ ಏನಿಲ್ಲ. ಸ್ಟೇಷನ್ನನ್ನ ಸಿಗ್ನಲ್‌ನಿಂದ ಸ್ವಲ್ಪ ದೂರ ಇಡಿ. ಬಸ್ ಲೇನ್ ಅಡ್ಡ ದಾಟಿ ಬಲಕ್ಕೆ ತಿರುಗೋದನ್ನ ಎಷ್ಟು ಸಾಧ್ಯನೋ ಅಷ್ಟು ಕಡೆ ನಿಲ್ಲಿಸಿ, ಆಗ ಸಿಗ್ನಲ್ ಸರದಿಗಳು ಕಮ್ಮಿ ಆಗತ್ತೆ, ಹಸಿರು ಎಲ್ಲರಿಗೂ ಬೇಗ ಬರತ್ತೆ, ಕಾರಿನವರಿಗೂ ಸೇರಿ.

ಹೆಜ್ಜೆ 5: ಬಸ್ಸು ಎಲ್ಲಿಂದ ಎಲ್ಲಿಗೆ

ಎರಡು ದಾರಿ ಇದೆ. ಬೊಗೊಟಾ ಶುರುವಲ್ಲಿ ಮಾಡಿದ ಹಾಗೆ ದೊಡ್ಡ ಬಸ್ಸು ಲೇನ್ ಒಳಗೇ ಓಡತ್ತೆ, ಬಡಾವಣೆಗಳಿಂದ ಸಣ್ಣ ಫೀಡರ್ ಬಸ್ಸು ಜನರನ್ನ ತಂದು ಬಿಡತ್ತೆ. ಚೀನಾದ ಗ್ವಾಂಗ್‌ಝೌ 2010ರಲ್ಲಿ ಇದಕ್ಕೆ ಉಲ್ಟಾ ಮಾಡ್ತು, ಬೇರೆ ಬೇರೆ ಬಡಾವಣೆಗಳಿಂದ ಬರೋ ಬಸ್ಸುಗಳೇ ಲೇನಿಗೆ ಸೇರ್ಕೊಂಡು 22.5 ಕಿಲೋಮೀಟರ್ ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ಹೊರಗೆ ಹೋಗ್ತವೆ, ಬಸ್ ಬದಲಾಯಿಸೋ ತಾಪತ್ರಯ ಕಮ್ಮಿ. ನಮ್ಮ ಊರುಗಳಿಗೆ ಈ ಎರಡನೇದೇ ಸರಿ ಅನ್ಸತ್ತೆ. ಒಂದು ಬಸ್ಸಿಳಿದು ಇನ್ನೊಂದಕ್ಕೆ ಬಿಸಿಲಲ್ಲಿ ಕಾಯೋದು ಅಂದ್ರೆ ಜನ ಬೈಕ್ ಕಡೆ ನೋಡ್ತಾರೆ. ಡೆಲ್ಲಿ ಥರ ಸಿಕ್ಕ ಬಸ್ಸನ್ನೆಲ್ಲ ಬಿಡೋದಲ್ಲ, ಪ್ಲಾಟ್‌ಫಾರ್ಮ್‌ಗೆ ಹೊಂದೋ ಬಸ್ಸು, ಲೆಕ್ಕ ಹಾಕಿದ ರೂಟು, ಅಷ್ಟೇ.

ಹೆಜ್ಜೆ 6: ಹಳೇ ಬಸ್ಸಿನವರನ್ನ ಕೂರಿಸಿ ಮಾತಾಡಿ

ಹೊಸ ಲೇನ್ ಬಂದ್ರೆ ಅದೇ ರಸ್ತೆಯಲ್ಲಿ ಖಾಸಗಿ ಬಸ್ಸು, ಟೆಂಪೋ ಓಡಿಸ್ತಾ ಬದುಕ್ತಿದ್ದವರ ಅನ್ನ ಹೋಗತ್ತೆ. ಬೊಗೊಟಾದಲ್ಲಿ ಮೊದಲು ಡ್ರೈವರ್‌ಗೆ ಹತ್ತಿಸ್ಕೊಂಡ ತಲೆ ಲೆಕ್ಕದಲ್ಲಿ ದುಡ್ಡು ಬರ್ತಿತ್ತು, ಅದಕ್ಕೇ ಬಸ್ಸುಗಳು ರೇಸ್ ಹಚ್ತಿದ್ವು. ಹೊಸ ವ್ಯವಸ್ಥೆಯಲ್ಲಿ ಹಳೇ ಮಾಲೀಕರನ್ನೇ ಕಂಪನಿಗಳಲ್ಲಿ ಸೇರಿಸ್ಕೊಂಡು, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಟ್ರು. ಜೋಹಾನ್ಸ್‌ಬರ್ಗ್‌ನಲ್ಲಿ 2009ರಲ್ಲಿ ರೇಯಾ ವಾಯಾ ಅನ್ನೋ ಬಿಆರ್‌ಟಿ ಶುರುವಾದಾಗ ಜಗಳ ಬಸ್ಸಿನ ಮೇಲೆ ಗುಂಡು ಹಾರಿಸೋವರೆಗೂ ಹೋಯ್ತು, ಕೊನೆಗೆ ಮಿನಿಬಸ್ ಟ್ಯಾಕ್ಸಿ ಮಾಲೀಕರೇ ಬಸ್ ಓಡಿಸೋ ಕಂಪನಿಯ ಷೇರುದಾರರಾದ್ರು. ಹುಬ್ಬಳ್ಳಿ-ಧಾರವಾಡದಲ್ಲೂ ಖಾಸಗಿ ಬಸ್ಸುಗಳ ಪರ್ಮಿಟ್ ವಿಷಯ ಎಳೆದಾಡ್ತಾನೇ ಇತ್ತು. ಈ ಮಾತುಕತೆ ಟೆಂಡರ್ ಕರೆಯೋಕೆ ಮುಂಚೆ ಆಗ್ಬೇಕು.

ಹೆಜ್ಜೆ 7: ಬಸ್ಸು, ಡಿಪೋ

ಡಿಪೋ ಜಾಗ ಸರಿಯಾಗಿ ನೋಡಿ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಜಂಗ್ವಾನಿ ಅನ್ನೋ ತಗ್ಗು ಜಾಗದಲ್ಲಿ ಡಿಪೋ ಕಟ್ಟಿ, ಮಳೆ ಬಂದಾಗೆಲ್ಲ ನೀರು ನುಗ್ಗಿ ಬಸ್ಸುಗಳು ಹಾಳಾದ್ವು. ಈಗ ಹೊಸದಾಗಿ ಮಾಡೋರು ಎಲೆಕ್ಟ್ರಿಕ್ ಬಸ್ಸಿಂದಲೇ ಶುರು ಮಾಡ್ಬಹುದು, ಸೆನೆಗಲ್‌ನ ಡಕಾರ್ 2024ರಲ್ಲಿ ಸುಮಾರು 18 ಕಿಲೋಮೀಟರ್ ದಾರಿಯಲ್ಲಿ ಹಾಗೇ ಮಾಡ್ತು.

ಹೆಜ್ಜೆ 8: ರಿಬ್ಬನ್ ಕತ್ತರಿಸಿದ ಮೇಲೆ

ಕೆಲಸ ಇಲ್ಲಿಂದ ಶುರು. ಟ್ರಾನ್ಸ್‌ಮಿಲೇನಿಯೊ ಎಷ್ಟು ಚೆನ್ನಾಗಿ ಓಡ್ತೋ ಅಷ್ಟು ಜನ ತುಂಬಿದ್ರು, ಹೊಸ ಲೇನ್ ಅದೇ ವೇಗದಲ್ಲಿ ಬರ್ಲಿಲ್ಲ, ಕಾಲಿಡೋಕೂ ಜಾಗ ಇಲ್ಲದ ಬಸ್ಸಿನಿಂದ ಬೇಸತ್ತು 2012ರಲ್ಲಿ ಜನ ಬೀದಿಗಿಳಿದ್ರು. ಜಕಾರ್ತ ಬೇರೆ ಥರ ಹೋಯ್ತು. 2004ರಲ್ಲಿ ಬ್ಲೊಕ್ ಎಂನಿಂದ ಕೋಟಾವರೆಗೆ ಒಂದು ದಾರಿ ಮಾತ್ರ ಇತ್ತು, ಆಮೇಲೆ ಬಸ್ ಕೊರತೆ, ಗ್ಯಾಸ್ ಬಂಕ್ ಕೊರತೆ ಅಂತ ವರ್ಷಗಟ್ಟಲೆ ಒದ್ದಾಡ್ತು. 2014ರಲ್ಲಿ ನಗರದ್ದೇ ಕಂಪನಿ ಮಾಡಿ, ಲೇನ್ ಹೊರಗಿನ ಸಾಮಾನ್ಯ ಬಸ್ಸುಗಳನ್ನೂ ಗಲ್ಲಿಗಳಲ್ಲಿ ಓಡೋ ಅಂಕೋಟ್ ವ್ಯಾನುಗಳನ್ನೂ ಒಂದೊಂದಾಗಿ ಸೇರಿಸ್ಕೊಳ್ತಾ ಬಂದ್ರು. 2020ರ ಫೆಬ್ರವರಿಯಲ್ಲಿ ದಿನಕ್ಕೆ 10 ಲಕ್ಷ ಪ್ರಯಾಣಿಕರನ್ನ ದಾಟಿದ್ರು, ಟಿಕೆಟ್ ಆಗ್ಲೂ 2005ರಲ್ಲಿ ಇಟ್ಟ 3,500 ರುಪಿಯಾನೇ ಇತ್ತು.