ಡ್ರೊಸೆರಾ ಹೂವಿನ ಹೊತ್ತು

ಉಡುಪಿ ಕಡೆಯ ಮುರಕಲ್ಲಿನ ಬಯಲೊಂದರಲ್ಲಿ, ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ, ಮೊಣಕಾಲೂರಿ ಕುಳಿತು ನಾನು ಮೊದಲ ಬಾರಿಗೆ ಡ್ರೊಸೆರಾ ಇಂಡಿಕಾ ಎಂಬ ಕೀಟಾಹಾರಿ ಗಿಡವನ್ನು ನೋಡಿದೆ. ದಾರದಂಥ ಎಲೆಗಳ ತುಂಬ ಅಂಟಿನ ಹನಿಗಳು, ಅದರಲ್ಲಿ ಸಿಕ್ಕಿಬಿದ್ದ ನುಸಿ, ಮೇಲೆ ತಿಳಿಗುಲಾಬಿ ಬಣ್ಣದ ಐದೆಸಳಿನ ಹೂ. ಗಿಡಕ್ಕೆ ಕೈ ಹಚ್ಚಲಿಲ್ಲ. ಮಳೆಗಾಲ ಕಳೆದು ಕಲ್ಲು ಒಣಗುವುದರೊಳಗೆ ಬೀಜ ಉದುರಿಸಿ ಸಾಯುವ ಗಿಡ ಅದು. ಹೂವಿನ ಹೊತ್ತಿನಲ್ಲಿ ಕಿತ್ತರೆ ಬರುವ ವರ್ಷದ ಗಿಡಗಳನ್ನೂ ಕಿತ್ತಂತೆ.

ಬೆಂಗಳೂರಿನ ನಮ್ಮ ತಾರಸಿಯಲ್ಲಿ ಬೆಳೆಸಿ ಚಿತ್ರ ತೆಗೆಯಲು ನಾನು ಆರಿಸಿಕೊಂಡದ್ದು ಅದರ ಬಳಗದ ಡ್ರೊಸೆರಾ ಬರ್ಮಾನಿಯನ್ನು. ಬೀಜ ಕೊಟ್ಟವರು ಇವನ್ನು ಮನೆಯಲ್ಲೇ ಬೆಳೆಸುವ ಸ್ನೇಹಿತರೊಬ್ಬರು. ಮೊದಲ ವರ್ಷ ತೆಂಗಿನ ನಾರಿನ ಪುಡಿಯಲ್ಲಿ ಬಿತ್ತಿ ಕೊಳವೆಬಾವಿಯ ನೀರು ಕೊಟ್ಟೆ. ತಿಂಗಳೊಳಗೆ ಕುಂಡದ ಮೇಲೆ ಬಿಳಿ ಉಪ್ಪು ಕಟ್ಟಿತು, ಸಸಿಗಳು ಕಪ್ಪಾಗಿ ಸತ್ತವು. ಸಾರವಿಲ್ಲದ ನೆಲದಲ್ಲಿ ಬದುಕಲು ಕಲಿತ ಗಿಡ ಅದು; ಸಾರಜನಕವನ್ನು ಹೆಚ್ಚಾಗಿ ಕೀಟಗಳಿಂದ ಪಡೆಯುತ್ತದೆ, ಅದರ ಬೇರು ನೀರಿನಲ್ಲಿ ಕರಗಿದ ಲವಣವನ್ನು ತಡೆದುಕೊಳ್ಳಲಾರದು. ಆಮೇಲೆ ಮಳೆನೀರನ್ನೇ ಹಿಡಿದಿಟ್ಟೆ. ಅದು ಮುಗಿದಾಗ ಆರ್‌ಓ ನೀರು, ಅದೂ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 50ಕ್ಕಿಂತ ಕಡಿಮೆ ತೋರಿಸಿದರೆ ಮಾತ್ರ. ಸ್ಪ್ಯಾಗ್ನಮ್ ಪೀಟ್ (ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮನಾಗಿ ಬೆರೆಸಿ ಕುಂಡ ತುಂಬಿಸಿ, ಒಂದೂವರೆ ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿದೆ. ಬೀಜ ಧೂಳಿನಷ್ಟು ಸಣ್ಣದು. ಮೇಲೆ ಉದುರಿಸಿದರೆ ಸಾಕು, ಮುಚ್ಚಬಾರದು. ಗೊಬ್ಬರವಂತೂ ಬೇಡವೇ ಬೇಡ.

ಬಿಸಿಲು ಚೆನ್ನಾಗಿ ಬಿದ್ದಂತೆ ಎಲೆಗಳು ಕೆಂಪೇರಿದವು. ನೆಲಕ್ಕಂಟಿದ ಎಲೆಗಳ ಚಕ್ರ ಹೆಚ್ಚೆಂದರೆ ಎರಡು ರೂಪಾಯಿ ನಾಣ್ಯದಷ್ಟು. ಅಂಚಿನ ಉದ್ದ ಕೂದಲುಗಳಿಗೆ ಇರುವೆಯ ಕಾಲು ತಾಗಿದರೆ ಕೆಲವೇ ಕ್ಷಣಗಳಲ್ಲಿ ಒಳಕ್ಕೆ ಬಾಗುತ್ತವೆ. ಕಣ್ಣಾರೆ ಕಂಡ ದಿನ ನಾನು ಕ್ಯಾಮೆರಾ ಮರೆತು ನೋಡುತ್ತಲೇ ಕುಳಿತಿದ್ದೆ.

ಮೂರನೆಯ ತಿಂಗಳಿನಲ್ಲಿ ಚಕ್ರದ ನಡುವಿನಿಂದ ಹೂದಂಟು ಸುರುಳಿ ಬಿಚ್ಚುತ್ತ ಎದ್ದಿತು. ಕಷ್ಟ ಶುರುವಾದದ್ದು ಆಗ. ಮೊಗ್ಗುಗಳು ಕೆಳಗಿನಿಂದ ಒಂದೊಂದಾಗಿ ಅರಳುತ್ತವೆ, ಅರಳಿದ್ದು ಅದೇ ದಿನ ಮುಚ್ಚುತ್ತದೆ. ನಾನು ಕೆಲಸಕ್ಕೆ ಹೊರಡುವಾಗ ಮೊಗ್ಗು, ಸಂಜೆ ಮರಳಿದಾಗ ಮುದುಡಿದ ಎಸಳು. ಮೋಡ ಕವಿದ ದಿನಗಳಲ್ಲಿ ಅರಳದೆಯೇ ಕಾಯಿ ಕಟ್ಟಿದವು. ಕೊನೆಗೊಂದು ಭಾನುವಾರ ಎಂಟರಿಂದಲೇ ತಾರಸಿಯಲ್ಲಿ ಕಾದೆ. ಬಿಸಿಲು ಬಲಿತ ಮೇಲೆ, ಹತ್ತರ ಸುಮಾರಿಗೆ, ಎಸಳು ಬಿಚ್ಚಿತು. ಗಾಳಿಗೆ ಹೆದರಿ ಕುಂಡವನ್ನು ಒಳಗೆ ತಂದೆ. ಬೆಳಕು ತಗ್ಗಿ ಹೂ ಮುದುಡತೊಡಗಿತು. ಅಂದಿನಿಂದ ಕುಂಡವನ್ನು ಕದಲಿಸುವುದಿಲ್ಲ. ಮೂರು ಬದಿಗೆ ರಟ್ಟು ನಿಲ್ಲಿಸಿ ಗಾಳಿ ತಡೆಯುತ್ತೇನೆ, ನೆತ್ತಿಯ ಬಿಸಿಲು ಮೆತ್ತಗಾಗಲೆಂದು ಟ್ರೇಸಿಂಗ್ ಕಾಗದ ಹಿಡಿಯುತ್ತೇನೆ.

ಹನಿಗಳ ಚಿತ್ರಕ್ಕೆ ಬೇರೆಯೇ ಹೊತ್ತು. ಏಳೂವರೆಯ ಓರೆ ಬಿಸಿಲು ಹಿಂದಿನಿಂದ ಬಂದು, ಆಚೆಗೆ ಕಪ್ಪು ಬಟ್ಟೆ ಇದ್ದರೆ ಪ್ರತಿ ಹನಿಯೂ ದೀಪ ಹಚ್ಚಿದಂತೆ ಹೊಳೆಯುತ್ತದೆ. ಹೊಳಪು ಹೆಚ್ಚಲೆಂದು ನೀರು ಸಿಂಪಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ: ಗಿಡ ತನ್ನ ಊಟಕ್ಕಾಗಿ ಕೂಡಿಸಿಟ್ಟ ಅಂಟು ತೊಳೆದುಹೋಗುತ್ತದೆ.

ಹೂ ಮತ್ತು ಬಲೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತರುವ ಆಸೆ ಬಹಳ ದಿನ ಕಾಡಿತು. ಹೂ ಎಲೆಗಳಿಂದ ಹತ್ತು ಸೆಂಟಿಮೀಟರ್ ಮೇಲಿತ್ತು. ಪಕ್ಕದಿಂದ ತೆಗೆದರೆ ಎರಡೂ ಕಿರಿದಾಗಿ, ನಡುವೆ ಬರೀ ದಂಟು ಕಾಣುತ್ತಿತ್ತು. ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದಾಗಿಸಿದರೆ ವಿವರ ಮಸುಕಾಯಿತು. ಕಡೆಗೆ ಟ್ರೈಪಾಡ್‌ನ ನಡುಕಂಬವನ್ನು ಅಡ್ಡ ಮಲಗಿಸಿ, 100 ಮಿ.ಮೀ. ಮ್ಯಾಕ್ರೋ ಲೆನ್ಸನ್ನು ನೇರವಾಗಿ ಕೆಳಗಿಳಿಸಿ, ಎಫ್/8ಕ್ಕೆ ಇಟ್ಟೆ. ಬಿಳಿ ಎಸಳಿನ ನವಿರು ಅಳಿಯದಿರಲೆಂದು ಎಕ್ಸ್‌ಪೋಶರ್ ತುಸು ಇಳಿಸಿದೆ. ಕೇಸರಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದ ಆ ಹೂವಿನ ಹಿಂದೆ, ಕೆಳಗಿನ ಎಲೆಗಳ ಚಕ್ರ ಕುಂಕುಮ ಹರಡಿದಂತೆ ದುಂಡಗೆ, ಮಸುಕಾಗಿ ಮೂಡಿತ್ತು.