‘ಬಿಸಿ ಗಂಜಿ ಬುಡಕ್ಕೆ ಹಾಕಿ’: ಬ್ಲಾಗ್ ಹಂಚುವ ಕೆಲಸವನ್ನು ಮಷೀನಿಗೆ ಒಪ್ಪಿಸಿದ್ದು

ಭಾನುವಾರ ಬೆಳಿಗ್ಗೆ ನಮ್ಮನೇಲಿ ದೋಸೆ. ಮೂರು ವರ್ಷ ಆ ದೋಸೆಯನ್ನು ನಾನು ಬಿಸಿಯಾಗಿ ತಿಂದದ್ದೇ ಇಲ್ಲ. ಯಜಮಾನರು ಅಡುಗೆಮನೆಯಿಂದ "ಆರಿ ಹೋಗತ್ತೆ ಬಾರೇ" ಅಂತ ಕೂಗುತ್ತಿದ್ದರು. ನಾನು "ಇನ್ನೊಂದು ಕಡೆ ಹಾಕ್ಬಿಟ್ಟು ಬಂದೆ ರೀ" ಅನ್ನುತ್ತಿದ್ದೆ.

ಹಾಕುತ್ತಿದ್ದದ್ದು ಬ್ಲಾಗ್ ಬರಹ. ಹನುಮಂತನಗರದಲ್ಲಿ ನಮ್ಮದು 30-40ರ ಸೈಟಿನ ಮನೆ. ತಾರಸಿಯಲ್ಲಿ ಬಸಳೆ, ತೊಂಡೆ, ಹೀರೆ, ಒಂದಿಷ್ಟು ಸೊಪ್ಪು ಬೆಳೆಯುತ್ತೇನೆ. ಅದರ ಬಗ್ಗೆ ವಾರಕ್ಕೊಂದು ಬರಹ. ನನ್ನ ಕೆಲಸ ಸಣ್ಣ ಆಫೀಸಿನಲ್ಲಿ ಅಕೌಂಟ್ಸ್, ಪ್ರೋಗ್ರಾಮಿಂಗ್ ಓದಿದವಳಲ್ಲ. ಬರೆಯೋಕೆ ಶನಿವಾರ ಸಂಜೆ ಎರಡು ಗಂಟೆ ಸಾಕು. ಹಂಚೋಕೆ ಭಾನುವಾರ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಬ್ಲಾಗ್ ಇರುವ ವರ್ಡ್‌ಪ್ರೆಸ್ ಆಯ್ತು, ಫೇಸ್‌ಬುಕ್ ಪೇಜ್, ಟೆಲಿಗ್ರಾಂ ಚಾನೆಲ್, ಎಕ್ಸ್, ಇಮೇಲ್, ಕೊನೆಗೆ ವಾಟ್ಸ್ಆ್ಯಪ್ ಗುಂಪುಗಳು. ಒಂದೊಂದು ಕಡೆ ಫೋಟೋ ಅಳತೆ ಬೇರೆ, ಅಕ್ಷರದ ಮಿತಿ ಬೇರೆ. ಬರೆದದ್ದಕ್ಕಿಂತ ಹೊತ್ತು ತಿರುಗಿದ್ದೇ ಜಾಸ್ತಿ ಅನ್ನಿಸುತ್ತಿತ್ತು.

ಮೊದಲು ಮಾಡಿದ್ದು ಸುಲಭದ ಕೆಲಸ. ವರ್ಡ್‌ಪ್ರೆಸ್‌ನಲ್ಲಿ ಬರಹಕ್ಕೆ ದಿನ, ಸಮಯ ಕೊಟ್ಟು ಇಟ್ಟರೆ ಅದೇ ಪ್ರಕಟವಾಗುತ್ತದೆ. ಶನಿವಾರ ರಾತ್ರಿಯೇ "ಭಾನುವಾರ ಬೆಳಿಗ್ಗೆ 6" ಅಂತ ಕೊಟ್ಟು ಮಲಗಿದೆ. ಎದ್ದು ನೋಡಿದರೆ ಬರಹ ಇಲ್ಲ. ‘ಸಮಯ ತಪ್ಪಿದೆ’ ಅಂತ ಕೆಂಪಕ್ಷರ. ಕಾರಣ ಗೊತ್ತಾಗೋಕೆ ಎರಡು ವಾರ ಬೇಕಾಯಿತು. ವರ್ಡ್‌ಪ್ರೆಸ್ ಒಳಗಿನ ಗಡಿಯಾರ ನಿಜವಾದ ಗಡಿಯಾರ ಅಲ್ಲ. ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಅದು ಎದ್ದು "ಏನಾದರೂ ಬಾಕಿ ಇದೆಯಾ" ಅಂತ ನೋಡುತ್ತದೆ. ದೊಡ್ಡ ತಾಣಗಳಿಗೆ ನಿಮಿಷಕ್ಕೆ ಹತ್ತು ಜನ ಬರುತ್ತಾರೆ, ಅವರಿಗೆ ಇದು ಗೊತ್ತೇ ಆಗುವುದಿಲ್ಲ. ನನ್ನ ತಾಣಕ್ಕೆ ಬೆಳಗಿನ ಜಾವ ಯಾರು ಬರುತ್ತಾರೆ? ಆ ಒಳಗಡಿಯಾರವನ್ನು ಬಂದ್ ಮಾಡಿ, ಸರ್ವರ್‌ನ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ವ್ಯವಸ್ಥೆ) ಹತ್ತು ನಿಮಿಷಕ್ಕೊಮ್ಮೆ ಬಂದು ತಟ್ಟುವ ಹಾಗೆ ಮಾಡಿದ ಮೇಲೆ ಆ ಕಾಟ ನಿಂತಿತು.

ಇನ್ನು ಒಂದು ಕಡೆ ಪ್ರಕಟವಾದದ್ದು ಉಳಿದ ಕಡೆಗೆ ಹೋಗಬೇಕಲ್ಲ. ಅದಕ್ಕೆ ಬೇರು ಆರ್‌ಎಸ್‌ಎಸ್ ಫೀಡ್. 1999ರಲ್ಲಿ ಹುಟ್ಟಿದ ಹಳೇ ತಂತ್ರ. ಈಗ ಅದನ್ನು ಯಾರೂ ಕೇಳುವುದಿಲ್ಲ, ಆದರೆ ವರ್ಡ್‌ಪ್ರೆಸ್ ತಾಣ ಪ್ರತಿಯೊಂದರಲ್ಲೂ ಇದೆ. ವಿಳಾಸದ ಕೊನೆಗೆ ‘ಫೀಡ್’ ಅಂತ ಸೇರಿಸಿದರೆ ಇತ್ತೀಚಿನ ಹತ್ತು ಬರಹಗಳ ಪಟ್ಟಿ ಬರುತ್ತದೆ. ಹಂಚುವ ಸಾಧನಗಳು ಆಗಾಗ ಬಂದು ಇದನ್ನು ಓದುತ್ತವೆ. ಹೊಸದು ಕಂಡರೆ ಎತ್ತಿಕೊಂಡು ಹೋಗುತ್ತವೆ. ಪೇಪರ್ ಹಾಕುವ ಹುಡುಗರು ಬೆಳಿಗ್ಗೆ ಬಂಡಲ್ ಇಳಿಯುವ ಜಾಗಕ್ಕೇ ಬಂದು ನಿಲ್ಲುವುದಿಲ್ಲವೇ, ಹಾಗೆ.

ಐಎಫ್‌ಟಿಟಿಟಿ ಅನ್ನುವ ಜೋಡಣೆಯ ಸೇವೆಯಲ್ಲಿ ಶುರು ಮಾಡಿದೆ. ‘ಹೀಗಾದರೆ ಹಾಗೆ ಮಾಡು’ ಅನ್ನುವ ಲೆಕ್ಕ, ಐದು ನಿಮಿಷದಲ್ಲಿ ಬರುತ್ತದೆ. ಆದರೆ ಉಚಿತವಾಗಿ ಎರಡೇ ಜೋಡಣೆ. ಅಂಥದ್ದೇ ಇನ್ನೊಂದು ಸೇವೆ ಝೇಪಿಯರ್‌ನಲ್ಲಿ ಉಚಿತವಾಗಿ ತಿಂಗಳಿಗೆ 100 ಕೆಲಸ, ಅಲ್ಲೂ ಎರಡು ಹೆಜ್ಜೆಯ ಜೋಡಣೆ ಮಾತ್ರ. ವಾರಕ್ಕೊಂದು ಬರೆಯುವವರಿಗೆ, ಎರಡು ಕಡೆ ಹಂಚಿದರೆ ಸಾಕು ಅನ್ನುವವರಿಗೆ ಇವೇ ಸಾಕು. ಮುಂದೆ ಓದಬೇಕಾಗಿಯೂ ಇಲ್ಲ! ನನಗೆ ನಡುವೆ ಒಂದಿಷ್ಟು ತಿದ್ದುಪಡಿ ಬೇಕಿತ್ತು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಎನ್8ಎನ್ ಅನ್ನುವ ತಂತ್ರಾಂಶ ಹಿಡಿದೆ. ನಮ್ಮದೇ ಮಷೀನಿನಲ್ಲಿ ಹಾಕಿಕೊಂಡರೆ ಇದಕ್ಕೆ ಕಾಸಿಲ್ಲ. ಪರದೆಯ ಮೇಲೆ ಡಬ್ಬಿಗಳನ್ನು ಗೆರೆ ಎಳೆದು ಜೋಡಿಸುವುದು. ವೋಚರ್‌ನಿಂದ ಲೆಡ್ಜರ್‌ಗೆ, ಲೆಡ್ಜರ್‌ನಿಂದ ಟ್ರಯಲ್ ಬ್ಯಾಲೆನ್ಸ್‌ಗೆ ಎಳೆದು ಅಭ್ಯಾಸ ಇದ್ದವಳಿಗೆ ಅದೇನೂ ಹೊಸದು ಅನ್ನಿಸಲಿಲ್ಲ.

ಅದನ್ನು ಓಡಿಸೋಕೆ ಎಸ್.ಪಿ. ರೋಡಿಗೆ ಹೋಗಿ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಕಂಪ್ಯೂಟರ್, ತಂದು ಮೆಟ್ಟಿಲ ಕೆಳಗೆ ಇಟ್ಟೆ. ಮಳೆಗಾಲ ಬಂತು. ಎರಡು ಸಲ ಕರೆಂಟ್ ಹೋಯ್ತು, ಮೂರನೇ ಸಲಕ್ಕೆ ಎಸ್‌ಡಿ ಕಾರ್ಡೇ ಹೋಯ್ತು. ಬ್ಯಾಕಪ್ ಇರಲಿಲ್ಲ. ಈಗ ಬಾಡಿಗೆ ಸರ್ವರ್‌ನಲ್ಲಿದೆ, ತಿಂಗಳಿಗೆ ಕೆಲವು ನೂರು ರೂಪಾಯಿ. ಆ ಪೈ ಈಗ ಹನಿ ನೀರಾವರಿಯ ಟೈಮರ್ ಆಗಿದೆ.

ಹೊಸ ಸರ್ವರ್‌ಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ 6ಕ್ಕೆ ಹೋಗಬೇಕಾದ ಬರಹ ಮಧ್ಯಾಹ್ನ 3:30ಕ್ಕೆ ಹೋಯಿತು. ‘ಈಗಲೇ ತಾರಸಿಗೆ ಹೋಗಿ, ಎಳೆ ಬಿಸಿಲಲ್ಲಿ ಎಲೆ ಕೆಳಗೆ ಹುಳ ಹುಡುಕಿ’ ಅನ್ನುವ ಬರಹ, ಏಪ್ರಿಲ್ ಬಿಸಿಲಿನಲ್ಲಿ. ಮೇಲ್ಮನೆಯಲ್ಲಿ ಬಾಡಿಗೆಗಿರುವ ದಾವಣಗೆರೆ ಹುಡುಗ ಸಾಫ್ಟ್‌ವೇರ್‌ನವನು. ಬಂದು ನೋಡಿ ನಕ್ಕ. "ಆಂಟಿ, ಇದು ನ್ಯೂಯಾರ್ಕ್ ಟೈಮಲ್ಲಿ ಓಡ್ತಾ ಇದೆ." ಎನ್8ಎನ್‌ನಲ್ಲಿ ನಾವಾಗಿ ಹೇಳದಿದ್ದರೆ ನ್ಯೂಯಾರ್ಕ್ ಸಮಯವೇ ಇರುತ್ತದೆ. ಅದು ಕೈಪಿಡಿಯಲ್ಲೇ ಇತ್ತು, ನಾನು ಓದಿರಲಿಲ್ಲ. ಟೈಮ್‌ಜೋನ್ ಕೋಲ್ಕತ್ತಾ (ಭಾರತದ ಸಮಯಕ್ಕೆ ಅಲ್ಲಿ ಅದೇ ಹೆಸರು) ಅಂತ ಬದಲಿಸಿದ ಮೇಲೆ ಸರಿಹೋಯಿತು.

ಇಲ್ಲಿಯವರೆಗಿನದು ಯಾವ ಭಾಷೆಯವರಿಗೂ ಬರುವ ತೊಂದರೆ. ನಮ್ಮ ಕನ್ನಡದ್ದೇ ಆದ ತೊಂದರೆ ಬೇರೆ ಇದೆ. ನನ್ನ ಸಮಯ ಜಾಸ್ತಿ ತಿಂದದ್ದು ಅದೇ.

ಮೊದಲನೆಯದು ಕೊಂಡಿ. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಜಾಗ. ವೆಬ್ ವಿಳಾಸದಲ್ಲಿ ಅದು ಪರ್ಸೆಂಟ್ ಗುರುತುಗಳ ಜೊತೆ ಒಂಬತ್ತು ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಆ ತುಂಡಿಗೆ 200 ಅಕ್ಷರದ ಮಿತಿ ಇಟ್ಟಿದೆ. ಅಂದರೆ ಕನ್ನಡದ ಸುಮಾರು 22 ಚಿಹ್ನೆ. ಕೊಂಬು, ಗುಡಿಸು, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ತಾರಸಿಯಲ್ಲಿ ಬಸಳೆ ಸೊಪ್ಪು ಬೆಳೆಯುವುದು ಹೇಗೆ’ ಅಂತ ತಲೆಬರಹ ಕೊಟ್ಟರೆ ವಿಳಾಸ ‘ತಾರಸಿಯಲ್ಲಿ-ಬಸಳೆ-ಸೊಪ್ಪು-ಬ’ ಅನ್ನುವಲ್ಲಿಗೆ ಮುಗಿಯಿತು. ಮುಂದಿನ ತಿಂಗಳು ‘ತಾರಸಿಯಲ್ಲಿ ಬಸಳೆ ಸೊಪ್ಪು ಬಾಡಿದರೆ’ ಅಂತ ಬರೆದೆ. ಅದೂ ‘ಬ’ದಲ್ಲೇ ನಿಂತು ಕೊನೆಗೆ 2 ಅಂಟಿಸಿಕೊಂಡಿತು. ಆ ಕೊಂಡಿ ವಾಟ್ಸ್ಆ್ಯಪ್‌ಗೆ ಹೋದರೆ ನಾಲ್ಕು ಸಾಲು ಪರ್ಸೆಂಟ್ ಗುರುತು. ನಮ್ಮ ಅತ್ತೆ ಅದನ್ನು ವೈರಸ್ ಅಂದುಕೊಂಡು ಒತ್ತಲೇ ಇಲ್ಲ. ಈಗ ಪ್ರತಿ ಬರಹಕ್ಕೂ ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದದ ವಿಳಾಸ ಕೊಡುತ್ತೇನೆ. ತಲೆಬರಹ ಕನ್ನಡದಲ್ಲೇ ಇರುತ್ತದೆ.

ಎರಡನೆಯದು ಕತ್ತರಿ. ಎಕ್ಸ್‌ನಲ್ಲಿ 280ರ ಮಿತಿ, ಕೊಂಡಿಗೇ 23 ಹೋಗುತ್ತದೆ. ಟೆಲಿಗ್ರಾಂನಲ್ಲಿ ಫೋಟೋ ಕೆಳಗಿನ ಬರಹಕ್ಕೆ 1024. ಅದಕ್ಕೇ ಬರಹದ ಮೊದಲ 150 ಚಿಹ್ನೆ ಕತ್ತರಿಸಿ, ಚುಕ್ಕಿ ಹಾಕಿ ಕಳಿಸು ಅಂತ ಒಂದು ಡಬ್ಬಿ ಇಟ್ಟಿದ್ದೆ. ಮಷೀನಿಗೆ ಒತ್ತಕ್ಷರ ಗೊತ್ತೇ? ‘ಗೊಬ್ಬರ’ವನ್ನು ‘ಗೊಬ್’ ಅಂತ ಮುರಿಯಿತು, ‘ಮಣ್ಣು’ ‘ಮಣ್’ ಆಯಿತು. ಸರಿ, ಪದದ ನಡುವೆ ಜಾಗ ಇರುವಲ್ಲೇ ಕತ್ತರಿಸು ಅಂತ ತಿದ್ದುವುದು ಅಂದುಕೊಂಡೆ. ಆಡಿಟ್ ಸಮಯ, ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಒಂದು ಭಾನುವಾರ ಹೋದ ತುಂಡು ಹೀಗೆ ಕೊನೆಯಾಯಿತು: ‘ಅನ್ನ ಬಸಿದ ಗಂಜಿ ಗಿಡಕ್ಕೆ ಒಳ್ಳೆಯದು. ಆದರೆ ಬಿಸಿ ಗಂಜಿ ಬುಡಕ್ಕೆ ಹಾಕಿ…’

ನಾನು ಬರೆದದ್ದು ‘ಹಾಕಿದರೆ ಬೇರು ಬೆಂದು ಹೋಗುತ್ತದೆ’ ಅಂತ.

ರಾಜಾಜಿನಗರದ ಓದುಗರೊಬ್ಬರು "ಮೇಡಂ, ಎಷ್ಟು ಬಿಸಿ ಇರಬೇಕು?" ಅಂತ ಕೇಳಿದರು. ಪುಣ್ಯಕ್ಕೆ ಹಾಕಿರಲಿಲ್ಲ. ಆಗ ಹೊಳೆಯಿತು, ನಮ್ಮ ಭಾಷೆಯಲ್ಲಿ ಬೇಕು, ಬೇಡ, ಕೂಡದು, ಆದರೆ, ಹೋದರೆ ಎಲ್ಲ ಬಾಲದಲ್ಲಿ ಬರುತ್ತವೆ. ಬಾಲ ಕತ್ತರಿಸಿದರೆ ಬೇಡ ಅಂದದ್ದೂ ಬೇಕು ಆಗುತ್ತದೆ. ಪದ ಮುಗಿದಲ್ಲಿ ಕತ್ತರಿಸಿದರೂ ಇದು ತಪ್ಪುವುದಿಲ್ಲ. ಆಮೇಲೆ ಕತ್ತರಿಸುವ ಡಬ್ಬಿಯನ್ನೇ ತೆಗೆದೆ. ವರ್ಡ್‌ಪ್ರೆಸ್‌ನಲ್ಲಿ ಸಾರಾಂಶಕ್ಕೆ ಬೇರೆ ಜಾಗ ಇದೆ. ಅಲ್ಲಿ ನಾನೇ ಎರಡು ಸಾಲು ಬರೆಯುತ್ತೇನೆ, ಎಲ್ಲ ಕಡೆಗೂ ಅದೇ ಹೋಗುತ್ತದೆ. ಒಮ್ಮೆ ಎಐಗೂ ಬರೆಯೋಕೆ ಹೇಳಿ ನೋಡಿದೆ. ‘ಗೃಹ ಛಾವಣಿಯ ಮೇಲೆ ಸಸ್ಯಗಳ ಪೋಷಣೆಗೆ ಪ್ರಮುಖ ಸಲಹೆಗಳು’ ಅಂದಿತು. ಸರ್ಕಾರಿ ಸುತ್ತೋಲೆ ಇದ್ದ ಹಾಗಿತ್ತು, ಬಿಟ್ಟೆ.

ಮೂರನೆಯದು ಕಣ್ಣಿಗೆ ಕಾಣದ್ದು. ‘ಪಾಟ್‌ಗೆ’, ‘ಬಕೆಟ್‌ನಲ್ಲಿ’ ಅಂತ ಬರೆಯುವಾಗ ಅಕ್ಷರಗಳ ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ. ಒತ್ತಾಗದ ಹಾಗೆ ತಡೆಯುವುದು ಅದೇ. ನಾನು ಬುದ್ಧಿವಂತಿಕೆ ಮಾಡಿ ‘ಅಡಗಿದ ಚಿಹ್ನೆಗಳನ್ನೆಲ್ಲ ತೆಗೆ’ ಅನ್ನುವ ಸಿದ್ಧ ತುಣುಕನ್ನು ಎಲ್ಲಿಂದಲೋ ತಂದು ನಡುವೆ ಹಾಕಿದ್ದೆ. ಎಲ್ಲವೂ ‘ಪಾಟ್ಗೆ’, ‘ಬಕೆಟ್ನಲ್ಲಿ’ ಆದವು. ಮೂರು ವಾರ ನನ್ನ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ತಾಣದಲ್ಲಿ ಸರಿಯಾಗೇ ಇತ್ತು. ಹಂಚಿದ ಕಡೆ ಹೋಗಿ ಓದುಗರ ಹಾಗೆ ನೋಡುವ ಅಭ್ಯಾಸ ಆಗ ಶುರುವಾಯಿತು.

ಇಮೇಲ್‌ನದು ಬೇಗ ಹೇಳಿ ಮುಗಿಸುತ್ತೇನೆ. 102 ಕೆಬಿ ದಾಟಿದ ಪತ್ರವನ್ನು ಜಿಮೇಲ್ ಅರ್ಧಕ್ಕೆ ನಿಲ್ಲಿಸಿ ತೋರಿಸುತ್ತದೆ. ಚಿಹ್ನೆಗೆ ಮೂರು ಬೈಟ್ ಇರುವ ನಾವು ಆ ಮಿತಿಗೆ ಇಂಗ್ಲಿಷಿನವರಿಗಿಂತ ಮೊದಲೇ ಮುಟ್ಟುತ್ತೇವೆ. ಪತ್ರದಲ್ಲಿ ಪೂರ್ತಿ ಬರಹ ಬೇಡ, ಸಾರಾಂಶ ಮತ್ತು ಕೊಂಡಿ ಸಾಕು. ಫೇಸ್‌ಬುಕ್‌ನಲ್ಲಿ ಪೇಜ್‌ಗೆ ಮಾತ್ರ ಯಂತ್ರದಿಂದ ಹಾಕಬಹುದು. ಸ್ವಂತ ಖಾತೆಗೆ 2018ರಿಂದಲೇ ಆ ದಾರಿ ಇಲ್ಲ, ಗುಂಪುಗಳಿಗೆ 2024ರಲ್ಲಿ ಮುಚ್ಚಿತು. ಎಲ್ಲಕ್ಕಿಂತ ಸಲೀಸು ಟೆಲಿಗ್ರಾಂ. ಬಾಟ್‌ಫಾದರ್ (ಬಾಟ್ ಮಾಡಿಕೊಡುವ ಟೆಲಿಗ್ರಾಂನದೇ ಖಾತೆ) ಹತ್ತಿರ ಒಂದು ಬಾಟ್, ಅಂದರೆ ತಾನೇ ಮೆಸೇಜ್ ಕಳಿಸುವ ಖಾತೆ, ಮಾಡಿಸಿ, ಚಾನೆಲ್‌ಗೆ ಅಡ್ಮಿನ್ ಮಾಡಿದರೆ ಮುಗಿಯಿತು.

ಇಷ್ಟೆಲ್ಲ ಓಡುತ್ತಿದೆ ಅಂದಾಗ ಆಸೆ ಹೆಚ್ಚಾಯಿತು. ನೂರಾರು ಹಳೇ ಬರಹ ಸುಮ್ನೆ ಬಿದ್ದಿವೆ, ಅವೂ ಓಡಲಿ ಅನ್ನಿಸಿತು. ಹಳೆಯದನ್ನು ತಾನೇ ಆರಿಸಿ ವಾರದ ನಡುವೆ ಮತ್ತೆ ಹಂಚುವ ಒಂದು ಪ್ಲಗಿನ್ ಹಾಕಿದೆ. ಐದಾರು ತಿಂಗಳು ಆರಾಮಾಗಿ ನಡೆಯಿತು.

2024ರ ಮಾರ್ಚ್ ಬಂತು. ಆ ತಿಂಗಳು ಬೆಂಗಳೂರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿದ್ದವು, ಟ್ಯಾಂಕರ್‌ಗೆ ಜನ ಕಾಯುತ್ತಿದ್ದರು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಾನೇ ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಹಿಡಿದಿಟ್ಟು ಗಿಡ ಉಳಿಸಿಕೊಳ್ಳುತ್ತಿದ್ದೆ. ಆ ವಾರ ಬುಧವಾರ ಬೆಳಿಗ್ಗೆ ನನ್ನ ಪ್ಲಗಿನ್ ಹಳೇ ಬೇಸಿಗೆ ಬರಹವೊಂದನ್ನು ಎತ್ತಿ ನಾಲ್ಕೂ ಕಡೆ ಹಂಚಿತು. ತಲೆಬರಹ: ‘ಬೇಸಿಗೆ ಬಂತು, ದಿನಕ್ಕೆರಡು ಸಲ ಧಾರಾಳವಾಗಿ ನೀರುಣಿಸಿ.’

ನಾನು ಆಫೀಸಿನಲ್ಲಿದ್ದೆ. ಮಾರ್ಚ್ ಅಂದರೆ ಅಕೌಂಟ್ಸ್‌ನವರಿಗೆ ತಲೆ ಎತ್ತೋಕೂ ಪುರುಸೊತ್ತಿಲ್ಲ. ಮಧ್ಯಾಹ್ನ ಫೋನ್ ನೋಡಿದರೆ ಬೈಗುಳದ ಸಾಲು. ಒಬ್ಬರ ಮಾತು ಇನ್ನೂ ನೆನಪಿದೆ: "ಅಕ್ಕ, ನಮ್ಮನೇಲಿ ಮಕ್ಕಳಿಗೆ ಸ್ನಾನ ಮಾಡ್ಸಿ ನಾಲ್ಕು ದಿನ ಆಯ್ತು. ನೀವು ಧಾರಾಳ ಅಂತೀರಲ್ಲ." ಅವರಿಗೆ ‘ಅದು ನಾನಲ್ಲ, ಮಷೀನು’ ಅಂತ ಬರೆಯೋಕೆ ಹೊರಟೆ. ಎರಡು ಸಾಲು ಬರೆದು ಅಳಿಸಿದೆ. ಕೆಳಗೆ ನನ್ನ ಹೆಸರಿತ್ತು ಅಲ್ವಾ. ಕ್ಷಮೆ ಕೇಳಿ ಬರೆದೆ, ಅಳಿಸೋಕೆ ಬರುವ ಕಡೆಗೆಲ್ಲ ಹೋಗಿ ಒಂದೊಂದಾಗಿ ಅಳಿಸಿದೆ. ಆಗ ತಿಳಿದದ್ದು, ಒಂದೇ ಗುಂಡಿಯಲ್ಲಿ ಕಳಿಸೋಕೆ ಎಲ್ಲ ಮಾಡಿಕೊಂಡಿದ್ದೆ, ಒಂದೇ ಗುಂಡಿಯಲ್ಲಿ ಹಿಂದಕ್ಕೆ ಕರೆಸೋಕೆ ಏನೂ ಮಾಡಿಕೊಂಡಿರಲಿಲ್ಲ.

ಅವತ್ತು ರಾತ್ರಿಯೇ ಪ್ಲಗಿನ್ ಕಿತ್ತುಹಾಕಿದೆ. ಈಗ ಹಳೇ ಬರಹಗಳೆಲ್ಲ ಒಂದು ಗೂಗಲ್ ಶೀಟ್‌ನಲ್ಲಿವೆ. ಒಂದೊಂದರ ಎದುರೂ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಹೋಗಬಹುದು ಅಂತ ನಾನೇ ಬರೆದಿದ್ದೇನೆ. ಅವರೆಕಾಯಿಯದು ಡಿಸೆಂಬರ್‌ನಿಂದ ಜನವರಿ, ಬೀಜ ಊರುವುದು ಮುಂಗಾರಿಗೆ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ್ದು ಜನವರಿ ಮತ್ತು ಆಗಸ್ಟ್. ‘ನೀರು’ ಅನ್ನುವ ಕಾಲಂ ಬೇರೆ ಇದೆ. ಶೀಟಿನ ಮೇಲ್ತುದಿಯ ಒಂದು ಚೌಕದಲ್ಲಿ ‘ನಿಲ್ಲು’ ಅಂತ ಬರೆದರೆ ಯಾವುದೂ ಹೊರಡುವುದಿಲ್ಲ. ಫೋನ್‌ನಿಂದಲೇ ಬರೆಯಬಹುದು. ಹಂಚಿದ ಪ್ರತಿ ಪೋಸ್ಟಿನ ನಂಬರನ್ನೂ ಎನ್8ಎನ್ ಅದೇ ಶೀಟಿನಲ್ಲಿ ಬರೆದಿಡುತ್ತದೆ, ಅಳಿಸಬೇಕಾದರೆ ಹುಡುಕುವ ಕೆಲಸ ಇಲ್ಲ.

ಹೊಸದೇ ಇರಲಿ, ಹಳೆಯದೇ ಇರಲಿ, ಹೊರಡುವ ಹತ್ತು ನಿಮಿಷ ಮುಂಚೆ ಟೆಲಿಗ್ರಾಂನಲ್ಲಿ ನನ್ನೊಬ್ಬಳಿಗೇ ಒಂದು ಮೆಸೇಜ್ ಬರುತ್ತದೆ. ತಲೆಬರಹ, ಸಾರಾಂಶ, ಕೊಂಡಿ, ಕೆಳಗೆ ‘ಹೂಂ’, ‘ಬೇಡ’ ಅಂತ ಎರಡು ಗುಂಡಿ. ನಾನು ಒತ್ತದಿದ್ದರೆ ಹೋಗುವುದಿಲ್ಲ. ಮೇಲ್ಮನೆ ಹುಡುಗ "ಆಂಟಿ, ಹಾಗಾದ್ರೆ ಇದು ಫುಲ್ ಆಟೊಮೇಷನ್ ಅಲ್ವಲ್ಲ" ಅಂದ. ಅಲ್ಲ ಅಂದೆ. ಹೋದ ಮೇ ತಿಂಗಳಲ್ಲಿ ಸಂಡಿಗೆ ಒಣಗಿಸುವ ಬರಹಕ್ಕೆ ‘ಬೇಡ’ ಒತ್ತಿದೆ, ಹೊರಗೆ ದಪ್ಪ ಮೋಡ ಇತ್ತು.

ವಾಟ್ಸ್ಆ್ಯಪ್ ಮಾತ್ರ ಯಾವ ಡಬ್ಬಿಗೂ ಸೇರಿಸಿಲ್ಲ. ಗುಂಪುಗಳಿಗೆ ತಾನೇ ಕಳಿಸುವ ಅನಧಿಕೃತ ಸಾಧನಗಳು ಸಿಗುತ್ತವೆ. ನಿಯಮಕ್ಕೆ ವಿರುದ್ಧ, ನಂಬರೇ ಬ್ಲಾಕ್ ಆಗಬಹುದು. ಬ್ಯಾಂಕ್, ಗ್ಯಾಸ್, ಮಗಳ ಕಾಲೇಜು ಎಲ್ಲ ಅದೇ ನಂಬರ್. ಅದೂ ಅಲ್ಲದೆ ಒಂಬತ್ತೇ ಗುಂಪು. ಆರು ನಿಮಿಷದ ಕೆಲಸ. ಒಂದೊಂದು ಗುಂಪಿಗೂ ಒಂದು ಮಾತು ಸೇರಿಸಿ ಕಳಿಸುತ್ತೇನೆ, ಯಾರದೋ ಹಾಗಲ ಹೂ ಬಿಟ್ಟಿತೇ ಅಂತ ಕೇಳುತ್ತೇನೆ. ಉತ್ತರ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಲೆಕ್ಕ ನೋಡಿದರೆ, ಒಂದೂವರೆ ಗಂಟೆಯದು ಈಗ ಹದಿನೈದು ನಿಮಿಷಕ್ಕೆ ಬಂದಿದೆ. ಇದನ್ನೆಲ್ಲ ಕಟ್ಟೋಕೆ, ಕೆಡಿಸಿ ಮತ್ತೆ ಕಟ್ಟೋಕೆ ಹೋದ ಶನಿವಾರಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಟ್ಯಾಲಿ ಆಗುವುದಿಲ್ಲ.

ಇನ್‌ಸ್ಟಾಗ್ರಾಂ ಬಾಕಿ ಇದೆ. ಅಲ್ಲಿ ಚಿತ್ರ ಇಲ್ಲದೆ ಏನೂ ಹೋಗುವುದಿಲ್ಲ, ಚಿತ್ರದ ಕೆಳಗೆ ಕೊಂಡಿ ಕೊಟ್ಟರೂ ಒತ್ತೋಕೆ ಬರುವುದಿಲ್ಲ. ತಲೆಬರಹವನ್ನು ಚಿತ್ರದ ಮೇಲೆ ಬರೆಸೋಣ ಅಂತ ನೋಡಿದೆ, ಒತ್ತಕ್ಷರಗಳು ಬಿಡಿಬಿಡಿಯಾಗಿ ಅಕ್ಕಪಕ್ಕ ಕೂತವು. ಆ ಕೆಲಸಕ್ಕೆ ಇನ್ನೂ ಕೈ ಹಾಕಿಲ್ಲ. ಅವರೆಕಾಯಿ ಸೀಸನ್ ಮುಗಿಯಲಿ ಅಂತ ಇದ್ದೇನೆ.