ಹಠ ಅಂದುಕೊಂಡಿದ್ದೆವು, ಅವನಿಗೆ ಕೇಳಿಸುತ್ತಲೇ ಇರಲಿಲ್ಲ

ನನ್ನ ಮಗನಿಗೆ ಈಗ ಏಳು ವರ್ಷ. ಹುಟ್ಟಿದ ಮೂರನೇ ದಿನ ಡಾಕ್ಟರು ಡೌನ್ ಸಿಂಡ್ರೋಮ್ ಇರಬಹುದು ಅಂದರು, ಅಂದರೆ ಹುಟ್ಟಿನಿಂದಲೇ ಇರುವ, ಬೆಳವಣಿಗೆ ಕಲಿಕೆ ನಿಧಾನವಾಗುವ ಸ್ಥಿತಿ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ (ವಂಶಗುಣ ಹೊತ್ತ ಎಳೆಗಳು) ಇದ್ದರೆ ಅವನದರಲ್ಲಿ 47. 21ನೆಯದು ಎರಡಿರಬೇಕಾದ ಕಡೆ ಮೂರು. ಮಂಡ್ಯದ ನಮ್ಮ ಮನೆಯಲ್ಲಿ "ಬಸುರಿಯಲ್ಲಿ ಗ್ರಹಣ ನೋಡಿಬಿಟ್ಟಳೇನೋ" ಅನ್ನುವ ಮಾತು ಬಹಳ ದಿನ ಓಡಾಡಿತು. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ತಿಂದದ್ದಕ್ಕೂ ಇಲ್ಲ, ಮಾಡಿದ್ದಕ್ಕೂ ಇಲ್ಲ. ಆ ಮಾತು ಕೇಳಿ ತುಂಬಾ ಅತ್ತಿದ್ದೇನೆ, ಅದಕ್ಕೇ ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಹೃದಯದ ಎಕೋ ಸ್ಕ್ಯಾನ್ ಮೊದಲೇ ಮಾಡಿಸಿದೆವು. ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ನಮ್ಮ ಪುಣ್ಯ, ಅವನಿಗಿರಲಿಲ್ಲ. ಥೈರಾಯ್ಡ್ ಪರೀಕ್ಷೆಯನ್ನೂ ವರ್ಷ ವರ್ಷ ತಪ್ಪಿಸಲಿಲ್ಲ. ಮರೆತದ್ದು ಕಿವಿಯನ್ನು.

ಮೂರು ವರ್ಷವಾದರೂ ಮಾತಿಲ್ಲ. ಕರೆದರೆ ಒಂದು ದಿನ ತಿರುಗುತ್ತಿದ್ದ, ಇನ್ನೊಂದು ದಿನ ಇಲ್ಲ. "ಹಠ" ಅಂದರು ಎಲ್ಲರೂ. ನಾನೂ ನಂಬಿ ಗದರಿದೆ. ಒಮ್ಮೆ ನೆಗಡಿ ಜಾಸ್ತಿಯಾಗಿದ್ದಾಗ ಟಿವಿಗೆ ಕಿವಿ ಒತ್ತಿಕೊಂಡು ನಿಂತ. ಆಗ ಅನುಮಾನ ಬಂತು. ಮೈಸೂರಿನ ರೈಲು ಹತ್ತಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. 1965ರಿಂದ ಇದೆ ಅದು, ನಮ್ಮೂರಿನಿಂದ ಸುಮಾರು 45 ಕಿಲೋಮೀಟರ್. ಮೊದಲೇ ಹೋಗಬೇಕಿತ್ತು.

ಕಿವಿತಮಟೆಯ ಹಿಂದೆ ಅಂಟಂಟಾದ ನೀರು ಕಟ್ಟಿಕೊಂಡಿತ್ತು. ಈ ಮಕ್ಕಳಿಗೆ ಕಿವಿಯ ಒಳಗಿನಿಂದ ಮೂಗಿನ ಹಿಂಭಾಗಕ್ಕೆ ಹೋಗುವ ಕೊಳವೆ ಕಿರಿದಾಗಿರುವುದರಿಂದ ಇದು ಜಾಸ್ತಿ. ನೀರು ಹೆಚ್ಚಾದ ದಿನ ಕೇಳಿಸುವುದು ಕಮ್ಮಿ. ಅವನ "ಹಠ" ಅಷ್ಟೇ. ಆಮೇಲೆ ಸಣ್ಣ ಆಪರೇಷನ್ ಮಾಡಿ, ನೀರು ಮತ್ತೆ ಕಟ್ಟದಿರಲಿ ಅಂತ ತಮಟೆಯಲ್ಲಿ ಪುಟ್ಟ ಕೊಳವೆ ಕೂರಿಸಿದರು.

ಕೇಳಿಸತೊಡಗಿತು ಅಂತ ಮಾತು ತಾನಾಗಿ ಬರಲಿಲ್ಲ. ಬಾಯಿ ಚಿಕ್ಕದು, ನಾಲಿಗೆಯ ಸ್ನಾಯು ಸಡಿಲ. ಥೆರಪಿಸ್ಟ್ ಮಾತಿನ ಜೊತೆಗೇ ಕೈಸನ್ನೆ ಕಲಿಸಿ ಅಂದರು. ನಮ್ಮತ್ತೆ ಗಾಬರಿಯಾದರು: "ಸನ್ನೆ ಕಲಿಸ್ಬುಟ್ರೆ ಮಾತೇ ಆಡಾಕಿಲ್ಲ ಕಣವ್ವಾ." ನನಗೂ ಅದೇ ಭಯ. ಆದರೂ ಶುರುಮಾಡಿದೆ.

ಮಧ್ಯಾಹ್ನ ಅನ್ನ ಸಾರು ಕಲಸಿ ಎರಡು ತುತ್ತು ಕೊಟ್ಟು ಕೈ ನಿಲ್ಲಿಸುತ್ತಿದ್ದೆ. "ಇನ್ನೂ?" ಅಂತ ಕೇಳಿ ಎರಡೂ ಕೈಯ ಬೆರಳ ತುದಿ ಸೇರಿಸಿ ತೋರಿಸುತ್ತಿದ್ದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದು. ಈ ಕಾಯುವುದೇ ಕಷ್ಟ. ಐದಕ್ಕೇ ತುತ್ತು ಕೊಟ್ಟುಬಿಡೋಣ ಅನ್ನಿಸುತ್ತದೆ. ಆದರೆ ಅವನಿಗೆ ಕೇಳಿದ್ದನ್ನು ಹಿಡಿದು ಉತ್ತರ ಹೊರಡಿಸಲು ಆ ಹತ್ತೂ ಬೇಕು. ಹದಿನೇಳನೇ ದಿನ ಅನ್ನ ಮೆತ್ತಿದ ಬೆರಳುಗಳು ಬಂದು ಒಂದಕ್ಕೊಂದು ತಾಗಿದವು. ತುತ್ತು ಕೊಡುವುದನ್ನೇ ಮರೆತು ಅವನನ್ನು ತಬ್ಬಿಕೊಂಡೆ. ನಾಲ್ಕು ತಿಂಗಳ ಮೇಲೆ ಸನ್ನೆಯ ಜೊತೆ "ಇನ್" ಅಂದ. ಅತ್ತೆಗೂ ಕೇಳಿಸಿತು. ಈಗ ಅವರೇ ಅವನಿಗೆ ಹೊಸ ಸನ್ನೆ ಕಲಿಸುತ್ತಾರೆ.

ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಲ್ಲಿ ಕಂಡದ್ದು ಅವನಿಗೆ ಬೇಗ ಹತ್ತುತ್ತದೆ. ರಟ್ಟಿನ ಮೇಲೆ ಅಜ್ಜಿ, ಬಸ್ಸು, ಹಸುವಿನ ಫೋಟೋ ಅಂಟಿಸಿ ಕೆಳಗೆ ಹೆಸರು ಬರೆದೆ. ಈಗ ಒಂದನೇ ಕ್ಲಾಸು. ಟೀಚರ್ ಮುಂದಿನ ಸಾಲಿನಲ್ಲೇ ಕೂರಿಸುತ್ತಾರೆ.

ನೆಗಡಿ ಬಂದಾಗಲೆಲ್ಲ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ "ಬೆಲ್ಲ" ಅನ್ನುತ್ತೇನೆ. ತಿರುಗಿದರೆ ಒಂದು ಚೂರು ಕೈಗೆ. ಎರಡು ಮೂರು ದಿನವಾದರೂ ತಿರುಗದಿದ್ದರೆ ಮತ್ತೆ ಮೈಸೂರಿನ ರೈಲು.